ಅಡ್ವಾನ್ಸ್‌ನಲ್ಲಿ ಅನ್ಯಾಯವಾಗಿ ಮುರಿದುಕೊಂಡರೆ ಯಾರ ಬಾಗಿಲು ತಟ್ಟಬೇಕು? ಬೆಂಗಳೂರಿನ ಬಾಡಿಗೆದಾರರಿಗಿರುವ ದಾರಿಗಳ ವಿಮರ್ಶೆ

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್ ಹಿಂದೆಲ್ಲ ಹತ್ತು ತಿಂಗಳ ಬಾಡಿಗೆಯಷ್ಟಿರುತ್ತಿತ್ತು. ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ. ಆದರೂ 22,000 ರೂ. ಬಾಡಿಗೆಯ ಮನೆಗೆ ಲಕ್ಷಕ್ಕೆ ಮೇಲ್ಪಟ್ಟ ದುಡ್ಡು ಓನರ್ ಕೈಯಲ್ಲೇ ಇರುತ್ತದೆ. ಮನೆ ಬಿಡುವ ದಿನ ಪೇಂಟಿಂಗ್, ಕ್ಲೀನಿಂಗ್, ಗೀಸರ್, ಕರೆಂಟು, ನೋಟಿಸ್ ತಿಂಗಳು ಅಂತ ಒಂದೊಂದಾಗಿ ಮುರಿದುಕೊಂಡು, ಉಳಿದದ್ದನ್ನು ‘ಹೊಸಬರು ಬಂದ ಮೇಲೆ ಹಾಕ್ತೀನಿ’ ಅನ್ನುವುದು ಮಾಮೂಲು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಇಂಥ ಕಡಿತವನ್ನು ಪ್ರಶ್ನಿಸಲು ಇರುವ ದಾರಿಗಳು ಆರು: ಸ್ವಂತ ಪತ್ರ, ವಕೀಲರ ನೋಟಿಸ್, ಪೊಲೀಸ್ ಠಾಣೆ, ಗ್ರಾಹಕ ಆಯೋಗ, ಕಾನೂನು ಸೇವಾ ಪ್ರಾಧಿಕಾರ (ಉಚಿತ ಕಾನೂನು ನೆರವು ಕೊಡುವ, ರಾಜಿ ಮಾಡಿಸುವ ಸಂಸ್ಥೆ), ನ್ಯಾಯಾಲಯ. ಅವಸರದಲ್ಲಿರುವವರಿಗೆ ತೀರ್ಪು ಮೊದಲೇ ಹೇಳಿಬಿಡೋಣ. ಓನರ್ ಒಬ್ಬ ಖಾಸಗಿ ವ್ಯಕ್ತಿಯಾಗಿದ್ದರೆ ಬಾಬ್ತುವಾರು, ಅಂದರೆ ಒಂದೊಂದು ಖರ್ಚನ್ನೂ ಬಿಡಿಸಿ ಬರೆದ, ಲೆಕ್ಕದ ಪತ್ರ ಬರೆಯಿರಿ, ಬಗ್ಗದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪಿಜಿ ಅಥವಾ ಕೋ-ಲಿವಿಂಗ್ ಕಂಪನಿಯಾದರೆ ಗ್ರಾಹಕ ಸಹಾಯವಾಣಿ, ಆಮೇಲೆ ಗ್ರಾಹಕ ಆಯೋಗ. ಪೊಲೀಸರಿಂದ ದುಡ್ಡು ಬರುವುದಿಲ್ಲ. ನ್ಯಾಯಾಲಯ ಕೊನೆಯದು.

ರೆಂಟ್ ಕಂಟ್ರೋಲರ್ ಎಂಬ ಠುಸ್ ಪಟಾಕಿ

‘ರೆಂಟ್ ಕಂಟ್ರೋಲರ್‌ಗೆ ದೂರು ಕೊಡ್ತೀನಿ’ ಎಂದು ಹೆದರಿಸಿದರೆ ತಿಳಿದ ಓನರ್ ನಕ್ಕುಬಿಡುತ್ತಾರೆ. ಆ ಅಧಿಕಾರಿಯ ಕೆಲಸ ಕರ್ನಾಟಕ ಬಾಡಿಗೆ ಕಾಯ್ದೆಯಡಿ. ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಅದರ ಮೊದಲ ಅನುಸೂಚಿಯ ‘ಎ’ ಭಾಗದಲ್ಲಿರುವ ನಗರಗಳಲ್ಲಿ ತಿಂಗಳಿಗೆ 3,500 ರೂ., ಉಳಿದ ಕಡೆ 2,000 ರೂ. ಮೀರಿದ ಬಾಡಿಗೆಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಇವತ್ತು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅನ್ನುವುದು ನಿಜ. ಆದರೆ ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ನಮೂನೆ ಅಷ್ಟೆ. ರಾಜ್ಯ ತನ್ನ ಕಾಯ್ದೆ ಮಾಡಿಕೊಳ್ಳದೆ ಅದಕ್ಕೆ ಬಲವಿಲ್ಲ.

ಕೆಲಸಕ್ಕೆ ಬರುವುದು ಎರಡು ಹಳೆಯ ಕಾಯ್ದೆಗಳು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ, ಬಾಡಿಗೆದಾರ ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಸಹಜ ಬಳಕೆಯ ಸವಕಳಿ ಅವನ ತಲೆಯ ಮೇಲಲ್ಲ. 1872ರ ಕರಾರು ಕಾಯ್ದೆಯ 73 ಮತ್ತು 74ನೇ ಕಲಮುಗಳು ನಷ್ಟದ ಮಾತು ಹೇಳುತ್ತವೆ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಅದು ಮೇಲ್ಮಿತಿ ಮಾತ್ರ, ಅದರೊಳಗೆ ನ್ಯಾಯವಾದಷ್ಟೇ ಸಲ್ಲುತ್ತದೆ. ನಷ್ಟವೇ ಆಗದಿದ್ದಲ್ಲಿ 74ನೇ ಕಲಮಿನಡಿ ಪರಿಹಾರ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಓನರ್ ಪಟ್ಟಿಯ ಒಂದೊಂದು ಸಾಲನ್ನೂ ಈ ಎರಡು ಒರೆಗೆ ಹಚ್ಚಬೇಕು: ಇದು ಸವಕಳಿಯೋ, ಹಾನಿಯೋ? ಹಾನಿಯಾದರೆ ನಿಜವಾಗಿ ಖರ್ಚಾದದ್ದೆಷ್ಟು?

ಪಟ್ಟಿಯ ಸಾಲುಗಳು

ಎಲ್ಲಕ್ಕಿಂತ ದೊಡ್ಡ ಜಗಳ ಪೇಂಟಿಂಗ್‌ದು. ‘ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿಯಲಾಗುವುದು’ ಎಂಬ ಸಾಲಿಗೆ ಸಹಿ ಹಾಕಿದ್ದರೆ ಪೂರ್ತಿ ಗೆಲ್ಲುವ ಆಸೆ ಬೇಡ. ಆ ಸಾಲು ಇಲ್ಲದಿದ್ದರೆ, ಗೋಡೆ ಮಾಸಿದ್ದು, ಕ್ಯಾಲೆಂಡರ್ ಮೊಳೆಯ ತೂತು, ಸ್ವಿಚ್ ಬೋರ್ಡಿನ ಸುತ್ತ ಕೈಯ ಕಲೆ ಇವೆಲ್ಲ ಸವಕಳಿ. ಮಗು ಕ್ರೆಯಾನ್‌ನಲ್ಲಿ ಗೋಡೆ ತುಂಬ ಗೀಚಿದ್ದು, ಡಬಲ್ ಟೇಪ್ ಕೀಳುವಾಗ ಪುಟ್ಟಿ ಸಮೇತ ಎದ್ದು ಬಂದದ್ದು ಹಾನಿ; ಅದನ್ನು ಒಪ್ಪಿಕೊಳ್ಳುವುದೇ ಮರ್ಯಾದೆ. ಆದರೆ ಹಾನಿಯಾದದ್ದು ಒಂದು ಕೋಣೆಯ ಗೋಡೆಯಾದರೆ ಇಡೀ ಮನೆಯ ಬಣ್ಣದ ಖರ್ಚು ಯಾಕೆ? ಸಾಲಿಗೆ ಸಹಿ ಇದ್ದರೂ ಕೇಳಲು ಒಂದು ಪ್ರಶ್ನೆ ಉಳಿಯುತ್ತದೆ. 11 ತಿಂಗಳಿಗೆ ಬಿಟ್ಟರೆ ಬಣ್ಣ ಇನ್ನೂ ಹೊಸದು, 5 ವರ್ಷ ಇದ್ದು ಬಿಟ್ಟರೆ ಬಣ್ಣದ ಆಯಸ್ಸು ಹೇಗೂ ಮುಗಿದಿತ್ತು. ಎರಡರಲ್ಲೂ ಪೂರ್ತಿ ತಿಂಗಳ ಬಾಡಿಗೆ ಹಿಡಿಯುವುದಕ್ಕೆ ಲೆಕ್ಕ ತೋರಿಸಬೇಕಾದವರು ಓನರ್.

ಬಣ್ಣ ಹೊಡೆಸಿದ ಬಿಲ್ಲು ಕೇಳಿ. ಬಿಲ್ಲು ಬಂದರೆ ಅದನ್ನು ಅಳೆಯಲೂ ಬರುತ್ತದೆ. ಗೋಡೆ ಮತ್ತು ಸೀಲಿಂಗ್ ಸೇರಿಸಿದರೆ ಮನೆಯ ಕಾರ್ಪೆಟ್ ಏರಿಯಾದ (ಒಳಗಿನ ನೆಲದ ವಿಸ್ತೀರ್ಣದ) ಸುಮಾರು ಮೂರು ಪಟ್ಟು ಆಗುತ್ತದೆ. 900 ಚದರ ಅಡಿ ಮನೆಗೆ 2,700 ಚದರ ಅಡಿ. ಒಳಗೋಡೆಯ ಇಮಲ್ಷನ್ ಒಂದು ಲೀಟರಿಗೆ, ಎರಡು ಕೋಟು ಹೊಡೆದರೆ, ಸುಮಾರು 100ರಿಂದ 130 ಚದರ ಅಡಿ ಬರುತ್ತದೆ. ಅಂದರೆ 21ರಿಂದ 27 ಲೀಟರ್ ಸಾಕು. ಬಿಲ್ಲಿನಲ್ಲಿ 60 ಲೀಟರ್ ಇದ್ದರೆ ಓನರ್ ತಮ್ಮ ಮನೆಯನ್ನೂ ಹೊಡೆಸಿಕೊಂಡಿದ್ದಾರೆ ಎಂದೇ ಅರ್ಥ. ಹೊರಗೋಡೆಯ ಪೇಂಟು, ವಾಟರ್‌ಪ್ರೂಫಿಂಗ್ ಬಿಲ್ಲಿನಲ್ಲಿ ತೂರಿಕೊಂಡಿದೆಯೇ ಎಂದೂ ನೋಡಿ. ಮಳೆನೀರು ಸೋರಿ ಉಬ್ಬಿದ ಗೋಡೆ ಬಾಡಿಗೆದಾರರ ತಪ್ಪಲ್ಲ.

ಗೀಸರ್ ಮತ್ತೊಂದು ನೆಪ. ಬೋರ್‌ವೆಲ್ ನೀರಿನ ಗಡಸುತನದಿಂದ ಹೀಟಿಂಗ್ ಎಲಿಮೆಂಟಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಶಾಖ ನೀರಿಗೆ ಹೋಗದೆ ಎಲಿಮೆಂಟು ತಾನೇ ಸುಟ್ಟುಹೋಗುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಎಂದು ಹಾಕಿರುವ ಮೆಗ್ನೀಸಿಯಂ ಆನೋಡ್ ಸವೆದು ಮುಗಿಯುವುದಕ್ಕೇ ಇರುವ ಭಾಗ. ಇವೆರಡೂ ಸವಕಳಿ. ಸರ್ವಿಸ್ ಬಿಲ್ಲಿನಲ್ಲಿ ಯಾವ ಭಾಗ ಬದಲಿಸಿದರು ಎಂಬುದು ಬರೆದಿರಬೇಕು. ‘ಗೀಸರ್ ರಿಪೇರಿ 4,500’ ಎಂಬ ಚೀಟಿಯನ್ನು ಬಿಲ್ಲು ಎಂದು ಒಪ್ಪಬೇಡಿ. ನೀರಿಲ್ಲದೆ ಆನ್ ಮಾಡಿ ಎಲಿಮೆಂಟು ಸುಟ್ಟಿದ್ದರೆ ಮಾತು ಬೇರೆ. ಒಡೆದ ಟೈಲ್ಸ್, ಬಿರುಕುಬಿಟ್ಟ ಗ್ರಾನೈಟ್ ಕಟ್ಟೆ, ಕಳೆದ ಕೀಲಿಕೈ, ಒಲೆ ಶಾಖಕ್ಕೆ ಸುಟ್ಟ ಕಪಾಟಿನ ಬಾಗಿಲು ಬಾಡಿಗೆದಾರರ ಲೆಕ್ಕಕ್ಕೇ ಬರುತ್ತವೆ.

ಕರೆಂಟು ಬಿಲ್ಲಿನಲ್ಲಿ ಮೋಸ ಹೆಚ್ಚು, ಹಿಡಿಯುವುದೂ ಸುಲಭ. ಒಂದೇ ಆರ್.ಆರ್. ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆಯ) ಕೆಳಗೆ ಮೂರು ಮನೆಗೆ ಸಬ್‌ಮೀಟರ್ ಹಾಕಿ ಯೂನಿಟ್‌ಗೆ 10 ರೂ. ವಸೂಲಿ ಮಾಡುವವರಿದ್ದಾರೆ. 2025-26ರಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5.80 ರೂ. ಇತ್ತು; ಅದರ ಮೇಲೆ ನಿಗದಿತ ಶುಲ್ಕ, ಸರ್‌ಚಾರ್ಜ್, ತೆರಿಗೆ. ನಿಮ್ಮ ತಿಂಗಳಿಗೆ ಅನ್ವಯಿಸುವ ದರ ಬೆಸ್ಕಾಂ ಬಿಲ್ಲಿನ ಮೇಲೇ ಇರುತ್ತದೆ. ಮೂಲ ಬಿಲ್ಲಿನ ಮೊತ್ತವನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸಿ, ನಿಮ್ಮ ಸಬ್‌ಮೀಟರಿನ ಯೂನಿಟ್‌ಗಳಿಂದ ಗುಣಿಸಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಯಾಕೆ ಕೊಡಬೇಕು ಎಂದು ಕೇಳಿ.

ಇದಕ್ಕಿಂತ ಕೆಟ್ಟದ್ದು ಗೃಹಜ್ಯೋತಿಯದು. 2023ರಲ್ಲಿ ಶುರುವಾದ ರಾಜ್ಯ ಸರ್ಕಾರದ ಈ ಉಚಿತ ವಿದ್ಯುತ್ ಯೋಜನೆ ಬಾಡಿಗೆದಾರರಿಗೂ ಇದೆ. ಹಿಂದಿನ ಸರಾಸರಿ ಬಳಕೆಯ ಮೇಲೆ ಮನೆಗೆ ಇಂತಿಷ್ಟು ಉಚಿತ ಯೂನಿಟ್ ಎಂದು ನಿಗದಿಯಾಗಿರುತ್ತದೆ. ಅದರೊಳಗಿದ್ದರೆ ಬಿಲ್ಲು ಸೊನ್ನೆ, ಮೀರಿ 200ರೊಳಗಿದ್ದರೆ ಹೆಚ್ಚಿನದ್ದಕ್ಕೆ ಮಾತ್ರ ಹಣ, 200 ದಾಟಿದರೆ ಪೂರ್ತಿ ಬಿಲ್ಲು. ಓನರ್ ಹೆಸರಿನ ಮೀಟರಿಗೆ ಸೊನ್ನೆ ಬಿಲ್ಲು ಬರುತ್ತಿದ್ದರೂ ತಿಂಗಳು ತಿಂಗಳು ಬಾಡಿಗೆದಾರರಿಂದ ಕರೆಂಟಿನ ದುಡ್ಡು ಎತ್ತುವುದು ನಡೆಯುತ್ತಲೇ ಇದೆ. ಮೀಟರಿನ ಖಾತೆ ಸಂಖ್ಯೆ ಗೊತ್ತಿದ್ದರೆ ಹಳೆಯ ಬಿಲ್ಲುಗಳನ್ನು ಬೆಸ್ಕಾಂ ಪೋರ್ಟಲ್ಲಿನಲ್ಲಿ ನೋಡಬಹುದು. ಗೊಂದಲವಿದ್ದರೆ 1912ಕ್ಕೆ ಕರೆ. ಸೊನ್ನೆ ಬಿಲ್ಲಿನ ತಿಂಗಳುಗಳಿಗೆ ಕೊಟ್ಟ ಹಣವನ್ನು ಹಿಂದಕ್ಕೆ ಕೇಳಲು ಆ ಬಿಲ್ಲುಗಳ ಪ್ರಿಂಟ್ ಮತ್ತು ನಿಮ್ಮ ಯುಪಿಐ ಪಾವತಿಯ ಪಟ್ಟಿ, ಎರಡೇ ಸಾಕು. ಗೃಹಜ್ಯೋತಿ ನಿಮ್ಮ ಆಧಾರ್‌ಗೇ ಜೋಡಣೆಯಾಗಿದ್ದರೆ ಮನೆ ಬಿಡುವಾಗ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅದನ್ನು ಬಿಡಿಸಿಕೊಳ್ಳುವುದು ಮರೆಯಬೇಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ನೋಂದಣಿಗೆ ತೊಡಕಾಗುತ್ತದೆ.

ನೋಟಿಸ್ ತಿಂಗಳ ಲೆಕ್ಕಕ್ಕೆ ಒಂದು ಉದಾಹರಣೆ. ಕರಾರಿನಲ್ಲಿ 30 ದಿನ ಮುಂಚೆ ತಿಳಿಸಬೇಕು ಎಂದಿದೆ. 1ನೇ ತಾರೀಕು ತಿಳಿಸಿ 12ಕ್ಕೆ ಬಾಡಿಗೆ ಚುಕ್ತಾ ಮಾಡಿ ಕೀ ಕೊಟ್ಟಿರಿ. 20ಕ್ಕೆ ಹೊಸಬರು ಬಂದರು. ಮನೆ ಖಾಲಿ ಇದ್ದದ್ದು 13ರಿಂದ 19, ಅಂದರೆ 7 ದಿನ. 22,000 ಬಾಡಿಗೆಯಲ್ಲಿ ಅದು 5,133 ರೂ. ಪೂರ್ತಿ 22,000 ಹಿಡಿದುಕೊಂಡರೆ ಒಂದೇ ಮನೆಗೆ ಇಬ್ಬರಿಂದ ಬಾಡಿಗೆ ತೆಗೆದುಕೊಂಡ ಹಾಗಾಯಿತು. ಹೊಸಬರು ಬಂದ ದಿನ ಗೊತ್ತಾಗುವುದು ಎದುರುಮನೆಯವರಿಂದ ಅಥವಾ ಅದೇ ಬ್ರೋಕರ್‌ನಿಂದ, ಕೇಳಿ ಇಟ್ಟುಕೊಳ್ಳಿ.

ಕ್ಲೀನಿಂಗ್‌ಗೆ ಬಿಲ್ಲು ಕೇಳಿ, ಅಷ್ಟೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನ ಮನೆ ಖಾಲಿ ಮಾಡುವ ಶುಲ್ಕಕ್ಕೆ ಅಸೋಸಿಯೇಷನ್ ರಸೀದಿ ಕೇಳಿ.

ದಾರಿ ಒಂದು: ಬಾಬ್ತುವಾರು ಪತ್ರ

ಖರ್ಚು ನೂರು ರೂಪಾಯಿಯೊಳಗೆ. ಈ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಸೇವೆ ಇನ್ನೊಂದಿಲ್ಲ. ಯಾಕೆಂದರೆ ಮುಂದೆ ವಕೀಲರು, ಮಧ್ಯಸ್ಥರು, ನ್ಯಾಯಾಧೀಶರು ಯಾರೇ ಬಂದರೂ ಓದುವುದು ಈ ಕಾಗದವನ್ನೇ. ‘ನನ್ನ ಅಡ್ವಾನ್ಸ್ ಪೂರ್ತಿ ಕೊಡಿ’ ಎಂಬ ಒಂದು ಸಾಲಿನ ಮೆಸೇಜಿಗೆ ಉತ್ತರ ಬರುವುದಿಲ್ಲ. ಒಪ್ಪಿದ್ದೆಷ್ಟು, ಒಪ್ಪದ್ದೆಷ್ಟು, ಯಾಕೆ ಎಂದು ಬಿಡಿಸಿ ಬರೆದರೆ ಓನರ್ ಕೂಡ ಬಾಬ್ತು ಹಿಡಿದೇ ಮಾತಾಡಬೇಕಾಗುತ್ತದೆ.

ಅಡ್ವಾನ್ಸ್ 1,50,000. ಓನರ್ ಮುರಿದುಕೊಂಡದ್ದು ಪೇಂಟಿಂಗ್ 22,000, ಕ್ಲೀನಿಂಗ್ 6,000, ಗೀಸರ್ 4,500, ನೋಟಿಸ್ ತಿಂಗಳು 22,000, ಕರೆಂಟು 3,300; ಒಟ್ಟು 57,800 ಎಂದುಕೊಳ್ಳಿ. ಕೈಗೆ ಬಂದದ್ದು 92,200. ನೀವು ಒಪ್ಪುವುದು ಗೀಚಿದ ಕೋಣೆಯ ಬಣ್ಣಕ್ಕೆ 7,000, ಕ್ಲೀನಿಂಗ್‌ಗೆ 2,500, ಖಾಲಿ ಬಿದ್ದ 7 ದಿನಕ್ಕೆ 5,133, ಮೂಲ ಬಿಲ್ಲಿನಂತೆ ಕರೆಂಟಿಗೆ 2,300, ಒಟ್ಟು 16,933. ಬರಬೇಕಾದ ಬಾಕಿ 40,867. ಪತ್ರದ ತಿರುಳು ಹೀಗಿರಲಿ:

‘ತಾವು ಕಳಿಸಿದ ಲೆಕ್ಕದಂತೆ ನನ್ನ ಮುಂಗಡ ಹಣ 1,50,000 ರೂ.ಗಳಲ್ಲಿ 57,800 ರೂ. ಕಡಿತ ಮಾಡಿದ್ದೀರಿ. ಇದರಲ್ಲಿ 16,933 ರೂ.ಗಳನ್ನು ಒಪ್ಪಿದ್ದೇನೆ, ವಿವರ ಕೆಳಗಿದೆ. ಉಳಿದ 40,867 ರೂ.ಗಳಿಗೆ ಬಿಲ್ಲು ಅಥವಾ ಕರಾರಿನ ಷರತ್ತು ತೋರಿಸಬೇಕು, ಇಲ್ಲವೇ ಈ ಪತ್ರ ತಲುಪಿದ 15 ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಬೇಕು. ತಪ್ಪಿದಲ್ಲಿ ಈ ಪತ್ರದ ದಿನಾಂಕದಿಂದ ಶೇ 7ರಂತೆ ವಾರ್ಷಿಕ ಬಡ್ಡಿಯನ್ನೂ ಕೇಳುತ್ತೇನೆ.’

ಬಡ್ಡಿಯ ಸಾಲನ್ನು ಬಿಡಬೇಡಿ. 1978ರ ಬಡ್ಡಿ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಕೊಡುವ ದಿನ ಬರೆದಿಲ್ಲದ ಹಣಕ್ಕೆ ದಾವೆಗೆ ಮುಂಚಿನ ಬಡ್ಡಿ ಸಿಗಬೇಕೆಂದರೆ ‘ಬಡ್ಡಿ ಕೇಳುತ್ತೇನೆ’ ಎಂದು ಲಿಖಿತವಾಗಿ ತಿಳಿಸಿರಬೇಕು. ದರ ಬ್ಯಾಂಕ್ ಠೇವಣಿಯ ಆಸುಪಾಸಿನಲ್ಲಿರಲಿ. ಶೇ 24 ಬರೆದರೆ ಪತ್ರದ ತೂಕ ಇಳಿಯುತ್ತದೆ.

ವಾಟ್ಸಾಪ್‌ನಲ್ಲಿ ಕಳಿಸಿದರೂ ಅಂಚೆಯಲ್ಲಿ ಕಳಿಸಲೇಬೇಕು. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಕೌಂಟರಿನಲ್ಲಿ ‘ಸ್ಪೀಡ್ ಪೋಸ್ಟ್, ರಿಜಿಸ್ಟ್ರೇಷನ್ ಸೇರಿಸಿ’ ಎಂದು ಬಾಯಿಬಿಟ್ಟು ಕೇಳಿ. ವಿಳಾಸದಾರರ ಕೈಗೇ ತಲುಪಿದ ದಾಖಲೆ ಬೇಕು. ಸರಿಯಾದ ವಿಳಾಸಕ್ಕೆ ಕಳಿಸಿದ್ದು ‘ನಿರಾಕರಿಸಿದರು’ ಎಂದು ವಾಪಸಾದರೆ ಆ ಲಕೋಟೆಯನ್ನು ಒಡೆಯದೆ ಇಡಿ. ತಲುಪಿದಂತೆಯೇ ಎಂದು ಕಾನೂನು ಊಹಿಸಿಕೊಳ್ಳಲು ಅದೇ ಆಧಾರ.

ಪತ್ರಕ್ಕೆ ಬೆನ್ನೆಲುಬು ದಾಖಲೆಗಳು. ಅಗ್ರಿಮೆಂಟು, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ದಾಖಲೆ, ಮನೆಗೆ ಬಂದ ದಿನದ ಮತ್ತು ಬಿಟ್ಟ ದಿನದ ವಿಡಿಯೊ, ಮೀಟರ್ ರೀಡಿಂಗಿನ ಫೋಟೊ, ಕೀ ಒಪ್ಪಿಸಿದ್ದಕ್ಕೆ ಸಹಿ. ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ; ಆಮೇಲೆ ‘ಕೀ ಕೊಟ್ಟದ್ದು 12ಕ್ಕಲ್ಲ, ತಿಂಗಳ ಕೊನೆಗೆ’ ಎಂಬ ವಾದ ಹುಟ್ಟುತ್ತದೆ. ಅಗ್ರಿಮೆಂಟಿಗೆ ಬಳಸಿದ ಬಾಂಡ್ ಪೇಪರಿನ ಬೆಲೆ ಕಡಿಮೆಯಾಗಿದ್ದರೆ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಮಿನಂತೆ ಕೊರತೆಯ ಸುಂಕ, ಅದರ 10 ಪಟ್ಟು ದಂಡ ಕಟ್ಟುವವರೆಗೆ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ವಾಟ್ಸಾಪ್ ಮಾತುಕತೆಗೆ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕು, ಸ್ಕ್ರೀನ್‌ಶಾಟ್ ಒಂದೇ ಸಾಲದು. ಆ ಫೋನು ಮಾರಬೇಡಿ, ಚಾಟ್ ಅಳಿಸಬೇಡಿ.

ದಾರಿ ಎರಡು: ವಕೀಲರ ನೋಟಿಸ್

ಸಾಮಾನ್ಯವಾಗಿ 2,000ದಿಂದ 5,000 ರೂ. ಆಗುತ್ತದೆ. ಒಳ್ಳೆಯ ನೋಟಿಸ್ ಎಂದರೆ ಮೇಲಿನ ಲೆಕ್ಕವೇ ವಕೀಲರ ಲೆಟರ್‌ಹೆಡ್ಡಿನಲ್ಲಿ ಹೋಗುವುದು. ಅಗ್ಗದ ಆನ್‌ಲೈನ್ ನೋಟಿಸ್ ಸೇವೆಗಳ ತೊಂದರೆ ಎಂದರೆ ಅಚ್ಚುಪಡಿ: ಅನ್ವಯವಾಗದ ಬಾಡಿಗೆ ಕಾಯ್ದೆಯ ಕಲಮು, ಮಾನಸಿಕ ಕ್ಲೇಶಕ್ಕೆ 5 ಲಕ್ಷ, ನಡುವೆ ಎಲ್ಲೋ ನಿಮ್ಮ ಹೆಸರು. ಅದನ್ನು ನೋಡಿದ ಓನರ್ ಕಡೆಯ ವಕೀಲರು ಅಷ್ಟೇ ಉದ್ದದ ಉತ್ತರ ಕೊಡುತ್ತಾರೆ, ಮಾತುಕತೆಯ ಬಾಗಿಲು ಮುಚ್ಚುತ್ತದೆ. ಕರಡು ಓದದೆ ಕಳಿಸಲು ಒಪ್ಪಬೇಡಿ. ವಿವಾದದ ಮೊತ್ತ 10,000ದೊಳಗಿದ್ದರೆ ಈ ಖರ್ಚು ದಂಡ.

ದಾರಿ ಮೂರು: ಪೊಲೀಸ್ ಠಾಣೆ

ಅರ್ಜಿ ತೆಗೆದುಕೊಂಡು ‘ಇದು ಸಿವಿಲ್ ಸ್ವರೂಪದ ವ್ಯಾಜ್ಯ, ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳಿ’ ಎಂದು ಹಿಂಬರಹ ಕೊಡುತ್ತಾರೆ. ಅದು ತಪ್ಪೂ ಅಲ್ಲ. ಓನರ್ ಬೀಗ ಹಾಕಿ ಸಾಮಾನು ತಡೆಹಿಡಿದರೆ, ಬೆದರಿಸಿದರೆ, ಕೈಮಾಡಿದರೆ ಮಾತ್ರ ಪೊಲೀಸರ ಕೆಲಸ; ಆಗ 112. ಪರಿಚಯದ ಇನ್‌ಸ್ಪೆಕ್ಟರ್ ಕೈಲಿ ಫೋನ್ ಮಾಡಿಸುವ ಉಪಾಯವನ್ನು ಎರಡೂ ಕಡೆಯವರು ಮಾಡಬಲ್ಲರು ಎಂಬುದು ನೆನಪಿರಲಿ.

ದಾರಿ ನಾಲ್ಕು: ಗ್ರಾಹಕ ಆಯೋಗ

ಒಬ್ಬ ವ್ಯಕ್ತಿ ತನ್ನ ಮನೆಯನ್ನು ಬಾಡಿಗೆಗೆ ಕೊಡುವುದು ಸಾಮಾನ್ಯವಾಗಿ ಗ್ರಾಹಕ ಕಾಯ್ದೆಯ ‘ಸೇವೆ’ ಆಗುವುದಿಲ್ಲ, ಅಂಥ ದೂರು ಬಾಗಿಲಲ್ಲೇ ಬೀಳುವ ಸಂಭವ ಹೆಚ್ಚು. ಊಟ, ಕ್ಲೀನಿಂಗ್, ವೈಫೈ ಸೇರಿಸಿ ದುಡ್ಡು ತೆಗೆದುಕೊಳ್ಳುವ ಪಿಜಿ, ಕೋ-ಲಿವಿಂಗ್ ಕಂಪನಿ, ಬಾಡಿಗೆ ಕೂಡಿಸುವ ಆ್ಯಪ್ ಇವು ಸೇವೆ ಮಾರುವವರು. ಇವರ ವಿಷಯದಲ್ಲಿ ಈ ದಾರಿಗೆ ಸಾಟಿಯಿಲ್ಲ.

ಮೊದಲು 1915ಕ್ಕೆ ಕರೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ ಅಷ್ಟೆ. ಹೆಸರು ಕೆಡಬಾರದು ಎನ್ನುವ ಕಂಪನಿಗಳಿಗೆ ಅಷ್ಟು ಸಾಕು. ಗಲ್ಲಿಯ ಪಿಜಿಗೆ ಸಾಲದು. ಆಗ ಜಿಲ್ಲಾ ಆಯೋಗ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ಲಿನಲ್ಲಿ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಗಡುವು 2 ವರ್ಷ. 2019ರ ಕಾಯ್ದೆಯ ದೊಡ್ಡ ಅನುಕೂಲ ಒಂದಿದೆ: ದೂರುದಾರರು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಬೆಂಗಳೂರಿನ ಪಿಜಿ ಬಿಟ್ಟು ಹುಬ್ಬಳ್ಳಿಗೆ ವಾಪಸಾದವರು ಧಾರವಾಡ ಜಿಲ್ಲಾ ಆಯೋಗಕ್ಕೆ ಹೋದರಾಯಿತು. ಕೊರತೆ ಎಂದರೆ ಸಮಯ. ಕಾಯ್ದೆ ತಿಂಗಳುಗಳ ಲೆಕ್ಕ ಹೇಳುತ್ತದೆ, ವಾಯಿದೆಗಳು ಅದನ್ನು ಕೇಳುವುದಿಲ್ಲ.

ದಾರಿ ಐದು: ಕಾನೂನು ಸೇವಾ ಪ್ರಾಧಿಕಾರ

ಪತ್ರಕ್ಕೆ ಬಗ್ಗದ ಖಾಸಗಿ ಓನರ್ ಜೊತೆಗಿನ ಜಗಳಕ್ಕೆ ಇದೇ ಒಳ್ಳೆಯದು, ಇದನ್ನೇ ಜನ ಕಡಿಮೆ ಬಳಸುತ್ತಾರೆ. ‘ಅದು ಬಡವರಿಗೆ ಮಾತ್ರ’ ಎಂಬ ತಪ್ಪು ತಿಳಿವಳಿಕೆಯೇ ಕಾರಣ. ಉಚಿತ ವಕೀಲರನ್ನು ಪಡೆಯಲು ಅರ್ಹತೆಯ ಪಟ್ಟಿ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಅರ್ಹರು. ಆದರೆ ದಾವೆಪೂರ್ವ ಲೋಕ ಅದಾಲತ್ತಿಗೆ, ಅಂದರೆ ದಾವೆ ಹೂಡುವ ಮುಂಚೆಯೇ ರಾಜಿ ಮಾಡಿಸುವ ಕೂಟಕ್ಕೆ, ಯಾರು ಬೇಕಾದರೂ ಅರ್ಜಿ ಕೊಡಬಹುದು, ಶುಲ್ಕವಿಲ್ಲ.

ಪ್ರತಿ ಜಿಲ್ಲೆಯಲ್ಲಿ ಪ್ರಾಧಿಕಾರ, ತಾಲ್ಲೂಕಿನಲ್ಲಿ ಸಮಿತಿ ಇದೆ. ರಾಜ್ಯ ಪ್ರಾಧಿಕಾರ ಇರುವುದು ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ. ನಿಮ್ಮ ಅರ್ಜಿ ಹೋಗಬೇಕಾದ್ದು ಮನೆ ಇರುವ ಜಿಲ್ಲೆಯ ಪ್ರಾಧಿಕಾರಕ್ಕೆ. ಯಾವ ಕಚೇರಿ ಎಂದು ತಿಳಿಯದಿದ್ದರೆ 15100ಕ್ಕೆ ಕರೆ ಮಾಡಿ. ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ, ಎರಡು ಪುಟ ಸಾಕು: ಇಬ್ಬರ ಹೆಸರು, ವಿಳಾಸ, ಫೋನು, ಮನೆಯ ವಿಳಾಸ, ಬಂದ ದಿನ, ಬಿಟ್ಟ ದಿನ, ಆ ಬಾಬ್ತುವಾರು ಲೆಕ್ಕ, ಕೇಳುವ ಮೊತ್ತ. ಜೊತೆಗೆ ಪತ್ರ ತಲುಪಿದ ದಾಖಲೆ. ಪ್ರಾಧಿಕಾರದಿಂದ ಓನರ್‌ಗೆ ನೋಟಿಸ್ ಹೋಗುತ್ತದೆ. ವಕೀಲರ ನೋಟಿಸಿಗೆ ಜಗ್ಗದವರು ಸಹ ನ್ಯಾಯಾಲಯದ ಆವರಣದಿಂದ ಬಂದ ಕಾಗದಕ್ಕೆ ಬರುತ್ತಾರೆ. ಅರ್ಧ ಕೆಲಸ ಆಗುವುದು ಅಲ್ಲಿಯೇ.

ಕೂತಾಗ ಮಧ್ಯಸ್ಥರು ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ಇಬ್ಬರೂ ಒಪ್ಪುವ ಅಂಕಿ ಹುಡುಕುತ್ತಾರೆ. 40,867 ಕೇಳಿದವರು 30,000 ಚಿಲ್ಲರೆಗೆ ಒಪ್ಪಿ ಎದ್ದುಬರುವ ಸಾಧ್ಯತೆ ಹೆಚ್ಚು, ಅದಕ್ಕೆ ಮನಸ್ಸು ಮಾಡಿಕೊಂಡೇ ಹೋಗಬೇಕು. ಎಲ್ಲಿಯವರೆಗೆ ಇಳಿಯಬಹುದು ಎಂಬ ನಿಮ್ಮ ಕೊನೆಯ ಅಂಕಿಯನ್ನು ಮನೆಯಲ್ಲೇ ಗಟ್ಟಿ ಮಾಡಿಕೊಳ್ಳಿ. ರಾಜಿಯಾದರೆ ಲೋಕ ಅದಾಲತ್ ಮುಂದೆ ಅವಾರ್ಡ್ (ರಾಜಿಯ ಲಿಖಿತ ಆದೇಶ) ಆಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಮೇಲ್ಮನವಿ ಇಲ್ಲ. ಓನರ್ ಮಾತು ತಪ್ಪಿದರೆ ಹೊಸ ದಾವೆ ಬೇಡ, ನೇರ ಅಮಲ್ಜಾರಿ ಅರ್ಜಿ, ಅಂದರೆ ಆ ಆದೇಶ ಜಾರಿ ಮಾಡಿಸಿ ಎಂಬ ಅರ್ಜಿ.

ದೋಷಗಳೂ ಇವೆ. ಓನರ್ ಬರಲೇ ಇಲ್ಲವೆಂದರೆ, ಬಂದು ಒಪ್ಪದಿದ್ದರೆ ಕಡತ ಮುಚ್ಚುತ್ತದೆ, ಬಲವಂತವಿಲ್ಲ. ಈ ಓಡಾಟದ ಅವಧಿಯಲ್ಲಿ ದಾವೆಯ 3 ವರ್ಷದ ಗಡುವು ನಿಂತಿರುತ್ತದೆ ಎಂದು ತಿಳಿಯಬೇಡಿ, ಎರಡನೇ ವರ್ಷ ದಾಟುವ ಮುಂಚೆಯೇ ಇಲ್ಲಿಗೆ ಬನ್ನಿ. ‘ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ 4 ಸಲ, ಆಗ ಬನ್ನಿ’ ಎಂದು ಕೌಂಟರಿನಲ್ಲಿ ಹೇಳಿದರೂ ಅರ್ಜಿಯನ್ನು ಅಂದೇ ಕೊಟ್ಟು ಸ್ವೀಕೃತಿ ಪಡೆಯಿರಿ.

ದಾರಿ ಆರು: ನ್ಯಾಯಾಲಯ

ಹಣ ವಸೂಲಿ ದಾವೆಗೆ 3 ವರ್ಷದ ಗಡುವು. 1 ಲಕ್ಷದ ದಾವೆಗೆ ಕರ್ನಾಟಕದಲ್ಲಿ ಕೋರ್ಟ್ ಶುಲ್ಕ ಸುಮಾರು 6,600 ರೂ., ವಕೀಲರ ಫೀಸು ಬೇರೆ. ಲೋಕ ಅದಾಲತ್ತಿನಲ್ಲಿ ಇತ್ಯರ್ಥವಾದರೆ ಶುಲ್ಕ ವಾಪಸಾಗುತ್ತದೆ. ಲಿಖಿತ ಕರಾರಿನಲ್ಲಿ ಅಡ್ವಾನ್ಸ್ ಮೊತ್ತ ಸ್ಪಷ್ಟವಾಗಿದ್ದು ಓನರ್ ಒಂದು ಪೈಸೆಯನ್ನೂ ಕೊಡದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಸಂಕ್ಷಿಪ್ತ ದಾವೆ ಹೂಡಲಾದೀತೇ ಎಂದು ವಕೀಲರನ್ನು ಕೇಳಿ. ಅದರಲ್ಲಿ ಎದುರುದಾರ ಸಮನ್ಸ್ ಸಿಕ್ಕ 10 ದಿನದಲ್ಲಿ ಹಾಜರಿ ಹಾಕಬೇಕು, ವಾದಿಸಲು ಅನುಮತಿಯನ್ನೂ ಕೇಳಬೇಕು. ಬರೀ ಪೇಂಟಿಂಗ್ ಜಗಳದ 15,000ಕ್ಕೆ ದಾವೆ ಹೂಡುವುದು ಮಾತ್ರ ಬುದ್ಧಿವಂತಿಕೆಯಲ್ಲ.

ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ಭೋಗ್ಯದ ಮನೆ, ಜನ ‘ಲೀಸ್’ ಅನ್ನುವುದು, ಇಲ್ಲಿ ಹೇಳಿದ್ದಕ್ಕೆ ಸೇರುವುದಿಲ್ಲ. ಅಲ್ಲಿ ಹಣ ಕೈಗೆ ಬರುವ ಮುಂಚೆ ಮನೆ ಬಿಡಬೇಡಿ, ನೇರ ವಕೀಲರನ್ನು ಕಾಣಿ.

ಇನ್ನು ಜಗಳವೇ ಬಾರದ ಹಾಗೆ ಮಾಡುವ ಒಂದು ಉಪಾಯ: ಬಿಡುವ ಎರಡು ತಿಂಗಳ ಮುಂಚೆ, ‘ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಸಾರ್’ ಎಂದು ಕೇಳಿ ಲಿಖಿತ ಒಪ್ಪಿಗೆ ಪಡೆಯುವುದು. ಓನರ್ ಕೈಯಲ್ಲಿ ಉಳಿಯುವ ದುಡ್ಡು ಕಡಿಮೆಯಾದಷ್ಟೂ ಪಟ್ಟಿಯ ಉದ್ದವೂ ಕಡಿಮೆ. ಕೇಳದೆ ಬಾಡಿಗೆ ನಿಲ್ಲಿಸಿದರೆ ಕರಾರು ಮುರಿದವರು ನೀವೇ ಆಗುತ್ತೀರಿ.

ರಾಜಿ ಪತ್ರಕ್ಕೆ ಸಹಿ ಹಾಕುವಾಗ ಮೊತ್ತ, ದಿನಾಂಕ, ಖಾತೆ ಸಂಖ್ಯೆ, ಕಂತು ತಪ್ಪಿದರೆ ಪೂರ್ತಿ ಬಾಕಿ ಒಮ್ಮೆಗೇ ಕೊಡಬೇಕೆಂಬ ಸಾಲು ಇರಲಿ. ಓನರ್ ಮುಂದಿನ ತಾರೀಕಿನ ಚೆಕ್ ಕೊಟ್ಟರೆ ತೆಗೆದುಕೊಳ್ಳಿ. ಅದು ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಪಾವತಿಗೆ 15 ದಿನ, ಅದೂ ಕಳೆದರೆ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ (ಚೆಕ್ ಬೌನ್ಸ್ ಕಲಮು) ನ್ಯಾಯಾಲಯಕ್ಕೆ ದೂರು. ‘ಪೂರ್ತಿ ಲೆಕ್ಕ ಚುಕ್ತಾ ಆಗಿದೆ’ ಎಂಬ ಕಾಗದಕ್ಕೆ ಸಹಿ ಹಾಕುವುದು ಹಣ ಖಾತೆಗೆ ಬಿದ್ದ ಮೇಲೆ ಮಾತ್ರ.